ಆಟಿ ತಿಂಗಳಲ್ಲಿ ನೋಡಿದ ನಮ್ಮೂರ ಸಿನಿಮಾಗಳು

(1)

ತಿಂಗಳ ಸಿನಿಮಾ ಪೋಸ್ಟ್ ಯಾವಾಗ ಅಂತ ಕೇಳ್ತಾ ಇದ್ರಿ. ಆಟಿ ಮುಗಿದು ಸೋಣ ಶುರುವಾಯ್ತು, ಇನ್ನು ತಡ ಮಾಡುವುದಿಲ್ಲ. ಈ ಸಲ ನನಗೆ ನಾನೇ ಒಂದು ನಿಯಮ ಹಾಕಿಕೊಂಡಿದ್ದೆ: ನಮ್ಮ ಕರಾವಳಿಯಲ್ಲಿ ನಡೆಯುವ ಕಥೆಗಳನ್ನು ಮಾತ್ರ ನೋಡುವುದು. ಹಳತಾದರೂ ಸರಿ, ಹೊಸತಾದರೂ ಸರಿ. ಒಟ್ಟು ಐದು ನೋಡಿದೆ. ಒಂದೇ ಕ್ಯಾಪ್ಷನ್‌ನಲ್ಲಿ ಹಿಡಿಯುವುದಿಲ್ಲ, ಹಾಗಾಗಿ ತುಂಡು ಮಾಡಿ ಹಾಕ್ತಿದ್ದೇನೆ. ಫೋಟೊಗಳಿಗೂ ಸಿನಿಮಾಕ್ಕೂ ಸಂಬಂಧ ಹುಡುಕಬೇಡಿ. ಕಾಪು ಲೈಟ್‌ಹೌಸ್ ಮಳೆಯಲ್ಲಿ ಚಂದ ಕಂಡಿತು, ತೆಗೆದೆ, ಅಷ್ಟೇ.

ಮೊದಲು ಎಲ್ಲರೂ ಮಾತಾಡಿದ ‘ಸು ಫ್ರಮ್ ಸೋ’. 2025ರ ಜುಲೈ 25ಕ್ಕೆ ಬಂತು. ದೊಡ್ಡ ಹೀರೋ ಇಲ್ಲ. ಜೆ.ಪಿ. ತುಮಿನಾಡು ಬರೆದು, ನಿರ್ದೇಶಿಸಿ, ತಾನೇ ನಟಿಸಿದ್ದಾರೆ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು. ಎರಡನೇ ವಾರಕ್ಕೆ ಮಲಯಾಳಂ, ಆಮೇಲೆ ತೆಲುಗು. ನಾನು ಎರಡು ಸಲ ನೋಡಿದೆ. ಮಣಿಪಾಲದಲ್ಲಿ ಒಮ್ಮೆ, ಅಮ್ಮನನ್ನು ಕರ್ಕೊಂಡು ಕಾರ್ಕಳದಲ್ಲಿ ಇನ್ನೊಮ್ಮೆ (ದೊಡ್ಡಮ್ಮನ ಮನೆಗೆ ಹೋಗುವ ನೆಪ). ಮಣಿಪಾಲದಲ್ಲಿ ನಮ್ಮ ಸಾಲಿನ ಒಬ್ಬಳು ತನ್ನ ಗೆಳತಿಯರಿಗೆ ಹಿಂದಿಯಲ್ಲಿ ಅರ್ಥ ಹೇಳ್ತಾ ಇದ್ದಳು, ಹಾಗಾಗಿ ಪ್ರತಿ ಜೋಕಿಗೂ ಎರಡೆರಡು ಸಲ ನಗು. ಕಾರ್ಕಳದಲ್ಲಿ ಜೋಕ್ ಮುಗಿಯುವ ಮೊದಲೇ ನಗು. ರವಿಯಣ್ಣ ಪರದೆಗೆ ಬಂದ ಕೂಡಲೇ ನಮ್ಮ ಹಿಂದೆ ಕೂತವರು ತಮ್ಮೂರಿನ ಯಾರದೋ ಹೆಸರು ಹೇಳಿದರು. ಊರಿಗೊಬ್ಬ ರವಿಯಣ್ಣ ಇದ್ದೇ ಇರ್ತಾನೆ. ಮದುವೆ, ಬೊಜ್ಜ, ಕ್ರಿಕೆಟ್ ಟೂರ್ನಮೆಂಟ್, ಎಲ್ಲಕ್ಕೂ ಅವನೇ ಮುಂದೆ.

ನಕ್ಕದ್ದು ನಿಜ, ಹೊಟ್ಟೆ ಹಿಡ್ಕೊಂಡು ನಕ್ಕಿದ್ದೇನೆ. ಆದರೆ ಎರಡನೇ ಸಲ ನೋಡುವಾಗ ಒಂದು ವಿಷಯ ಕೊರೆಯಲಿಕ್ಕೆ ಶುರುವಾಯ್ತು. ಅಶೋಕ ಸಿಕ್ಕಿಬಿದ್ದಾಗ ತಪ್ಪಿಸಿಕೊಳ್ಳಲಿಕ್ಕೆ ಮೈಮೇಲೆ ಬಂದ ಹಾಗೆ ಮಾಡ್ತಾನೆ, ಸೋಮೇಶ್ವರದ ಸುಲೋಚನಾ ಅನ್ನುವ ಹೆಸರು ಹುಟ್ಟಿಕೊಳ್ತದೆ. ಆ ಹೆಸರಿಗೆ ಇಡೀ ಊರು ನಡುಗ್ತದೆ. ಆಮೇಲೆ ಸುಲೋಚನಾಳ ಮಗಳು ಭಾನು ಬರ್ತಾಳೆ, ಬದುಕಿರುವವಳು, ಕಷ್ಟದಲ್ಲಿರುವವಳು. ಅವಳ ಮಾತನ್ನು ಕೇಳಿಸಬೇಕಾದರೂ ದೆವ್ವದ ಸಹಾಯ ಬೇಕು! ಸತ್ತ ಹೆಂಗಸಿಗೆ ಇರುವ ಮರ್ಯಾದೆ ಬದುಕಿರುವವಳಿಗೆ ಇಲ್ಲ. ನಿರ್ದೇಶಕರು ಇದನ್ನು ತಿಳಿದೇ ಮಾಡಿದ್ದಾರೆ ಅಂತ ನನ್ನ ಊಹೆ. ಆದರೂ ಸಿನಿಮಾ ಭಾನು ಜೊತೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು. ಗಂಡಸರ ಗಲಾಟೆ ಅಷ್ಟು ಚಂದ ಇರುವಾಗ ಅವಳ ಮೌನಕ್ಕೆ ಜಾಗ ಸಾಕಾಗಲಿಲ್ಲ.

ಇದರಲ್ಲಿ ನಗಿಸಿದ ಪ್ರಕಾಶ್ ತುಮಿನಾಡು ಅವರನ್ನು ‘ಮಿಥ್ಯ’ದಲ್ಲಿ ನೋಡಿ. ಸುಮಂತ್ ಭಟ್ ನಿರ್ದೇಶನ, 2025ರ ಮಾರ್ಚ್‌ನಲ್ಲಿ ಬಂದದ್ದು. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈಯಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಬರ್ತಾನೆ. ಕಥೆ ಅಷ್ಟೇ. ಮಠ ಇಲ್ಲ, ರಥಬೀದಿ ಇಲ್ಲ, ಡ್ರೋನ್ ಶಾಟ್‌ನಲ್ಲಿ ಬೀಚ್ ತೋರಿಸುವ ಹಟ ಇಲ್ಲ. ಮಳೆ, ಒಣಗದ ಬಟ್ಟೆ, ಏನು ಮಾತಾಡಬೇಕು ಅಂತ ಗೊತ್ತಾಗದ ದೊಡ್ಡವರು. ಹುಡುಗ ಅಳುವುದನ್ನು ಕಾಯ್ತಾ ಕೂರ್ತೇವೆ ನಾವು. ಥಿಯೇಟರಲ್ಲಿ ಎಷ್ಟು ದಿನ ನಿಂತಿತು ಅಂತ ಕೇಳಬೇಡಿ, ಬೇಜಾರಾಗ್ತದೆ.

(2)

ಅಮ್ಮ ಇಂಟರ್‌ವಲ್‌ನಲ್ಲಿ ಕೇಳಿದ ಪ್ರಶ್ನೆಗೆ ಬೇರೆಯೇ ಪೋಸ್ಟ್ ಬೇಕು. “ಅಕುಲು ಇಲ್ಲಡ್‌ಲಾ ಕನ್ನಡನೇ ಪಾತೆರುನಾ?” ಅವರು ಮನೆಯಲ್ಲೂ ಕನ್ನಡವೇ ಮಾತಾಡುವುದಾ ಅಂತ. ನಾನು ಪಾಪ್‌ಕಾರ್ನ್ ಕೊಟ್ಟು ಸುಮ್ಮನಾಗಿಸಿದೆ.

ಆದರೆ ಪ್ರಶ್ನೆ ಸರಿ ಉಂಟಲ್ಲ? ಆ ಮನೆಗಳಲ್ಲಿ, ಆ ಅಂಗಡಿ ಕಟ್ಟೆಯಲ್ಲಿ, ಆ ಜನ ನಿಜವಾಗಿ ತುಳು ಮಾತಾಡ್ತಾರೆ. ಸಿನಿಮಾದ ಕನ್ನಡಕ್ಕೆ ತುಳುವಿನ ರಾಗ ಇದೆ, “ಮಾರಾಯ” ಇದೆ, “ಎಂತ ಸಾವು” ಇದೆ. ಭಾಷೆ ಮಾತ್ರ ಇಲ್ಲ. 2014ರ ‘ಉಳಿದವರು ಕಂಡಂತೆ’ಯನ್ನು ಈ ತಿಂಗಳು ನಾಲ್ಕನೇ ಸಲ ನೋಡಿದಾಗಲೂ ಇದೇ ಯೋಚನೆ. ಮಲ್ಪೆಯ ರಿಚ್ಚಿ ತನ್ನ ಗೆಳೆಯರ ಹತ್ರ ಕನ್ನಡದಲ್ಲಿ ಬೈಯುವುದು! ಆದರೂ ಆ ಸಿನಿಮಾ ಮೇಲಿನ ನನ್ನ ಪ್ರೀತಿ ಕಡಿಮೆ ಆಗಿಲ್ಲ. ಹುಲಿವೇಷದ ಆ ಭಾಗ ಬಂದರೆ ಈಗಲೂ ಕೈಕಾಲು ಸುಮ್ಮನಿರುವುದಿಲ್ಲ. ಉಡುಪಿಯ ಅಷ್ಟಮಿಯಲ್ಲಿ ತಾಸೆಯ ಸದ್ದು ಕೇಳಿದವರಿಗೆ ನಾನು ಹೇಳುವುದು ಅರ್ಥ ಆಗ್ತದೆ. ಒಂದೇ ಘಟನೆಯನ್ನು ಬೇರೆಬೇರೆಯವರ ಬಾಯಿಂದ ಹೇಳಿಸುವ ಕಥೆ ಅಂತ ಎಲ್ಲರೂ ಹೊಗಳ್ತಾರೆ. ನನಗೆ ಈ ಸಲ ಹಿಡಿದದ್ದು ತಾರಾ ಮಾಡಿದ ರತ್ನಕ್ಕ. ಮುಂಬೈಗೆ ಓಡಿಹೋದ ಮಗ ಬಾಗಿಲಿಗೆ ಬಂದು ನಿಂತಾಗ ಆ ಮುಖ ನೋಡಿ. ನಮ್ಮಲ್ಲಿ ಎಷ್ಟು ಮನೆಯ ಹುಡುಗರು ಬೊಂಬಾಯಿ ಬಸ್ ಹತ್ತಿದ್ದಾರೆ, ಕೆಲವರು ವಾಪಸ್ ಬರಲೇ ಇಲ್ಲ.

ತುಳುವಿನಲ್ಲಿ ಮಾಡಿದರೆ ಹಣ ವಾಪಸ್ ಬರುವುದಿಲ್ಲ ಅನ್ನುವ ಲೆಕ್ಕ ನನಗೂ ಗೊತ್ತುಂಟು. 1971ರಲ್ಲಿ ‘ಎನ್ನ ತಂಗಡಿ’ ಬಂದಲ್ಲಿಂದ ಇಲ್ಲಿವರೆಗೆ ತುಳು ಸಿನಿಮಾದ ಮಾರುಕಟ್ಟೆ ಎರಡು ಜಿಲ್ಲೆ, ಮತ್ತೆ ಮುಂಬೈ, ಗಲ್ಫ್. ಗೆದ್ದದ್ದು ಹೆಚ್ಚಾಗಿ ನಾಟಕದ ಕಾಮಿಡಿ. ನಾನು ನಿರ್ಮಾಪಕಿ ಆಗಿದ್ದರೆ ಕನ್ನಡದಲ್ಲೇ ಮಾಡ್ತಿದ್ದೆನೋ ಏನೋ. ಪ್ರೇಕ್ಷಕಿಯಾಗಿ ಮಾತ್ರ ಅಮ್ಮನ ಪಕ್ಷ.

(3)

ಈ ಲೆಕ್ಕ ಬಿಟ್ಟು ಮಾಡಿದ ಸಿನಿಮಾ ‘ಪಡ್ಡಾಯಿ’. ತುಳುವಿನಲ್ಲಿ ಪಡ್ಡಾಯಿ ಅಂದರೆ ಪಡುವಣ, ಸಮುದ್ರ ಇರುವ ದಿಕ್ಕು. ಅಭಯ ಸಿಂಹ ಅವರು ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ಅನ್ನು ಮೀನುಗಾರರ ಬದುಕಿಗೆ ತಂದಿದ್ದಾರೆ. ರಾಜ್ಯದ ಬದಲು ಬೋಟು. 2018ರಲ್ಲಿ ಅತ್ಯುತ್ತಮ ತುಳು ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು.

ಇದನ್ನು ನಾನು ಮಾವನ ಜೊತೆ ಕೂತು ನೋಡಿದೆ. ಮಾವ ಮಲ್ಪೆಯಲ್ಲಿ ಬೋಟಿನ ತಾಂಡೇಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಟ್ರಾಲಿಂಗ್ ನಿಷೇಧ, ಆಗ ಮಾತ್ರ ಮನೆಯಲ್ಲಿ ಸಿಗುವ ಮನುಷ್ಯ. ಮ್ಯಾಕ್‌ಬೆತ್ ಯಾರು ಅಂತ ಅವರಿಗೆ ಬೇಡ. ಬಲೆ ಎಳೆಯುವುದು ಸರಿ ಉಂಟಾ, ಅದನ್ನೇ ನೋಡ್ತಾ ಇದ್ದರು. ಅರ್ಧ ಆದಮೇಲೆ ಅದೂ ಮರೆತುಹೋಯ್ತು. ಮುಗಿದ ಮೇಲೆ ಹೇಳಿದ್ದು ಇಷ್ಟೇ: ಬೋಟು ಬೇಕು ಅಂತ ಆದವನಿಗೆ ನಿದ್ದೆ ಬರುವುದಿಲ್ಲ, ಬೋಟು ಆದವನಿಗೂ ಬರುವುದಿಲ್ಲ. ಸಾಲ, ಡೀಸೆಲ್, ಮೀನಿನ ರೇಟು. ನಿದ್ದೆ ಕೊಂದ ಮ್ಯಾಕ್‌ಬೆತ್‌ನ ಕಥೆಯನ್ನು ಮಾವ ತನ್ನ ದಾರಿಯಲ್ಲಿ ಹಿಡಿದುಬಿಟ್ಟರು ಅಂತ ನಾನು ಬೆರಗಾದೆ. ಅವರು ಎದ್ದು ಬೀಡಿ ಸೇದಲಿಕ್ಕೆ ಹೋದರು.

ನನ್ನದೊಂದು ತಕರಾರು ಇದೆ, ಈ ಸಿನಿಮಾ ಒಂದರ ಮೇಲೆ ಅಲ್ಲ, ಎಲ್ಲದರ ಮೇಲೂ. ಇವತ್ತು ಮಲ್ಪೆ ಬಂದರಿಗೆ ಹೋಗಿ ನಿಂತರೆ ನಿಮ್ಮ ಕಿವಿಗೆ ಬೀಳುವುದು ತುಳು ಮಾತ್ರ ಅಲ್ಲ. ಒಡಿಶಾದ ಹುಡುಗರಿದ್ದಾರೆ, ಆಂಧ್ರದವರಿದ್ದಾರೆ, ಉತ್ತರ ಕರ್ನಾಟಕದವರಿದ್ದಾರೆ. ಮಾವನ ಬೋಟಿನಲ್ಲೂ ಅರ್ಧ ಜನ ಹೊರಗಿನವರೇ. ಅವರು ನಮ್ಮ ಯಾವ ಕಥೆಯ ನಡುವಿಗೂ ಇನ್ನೂ ಬಂದಿಲ್ಲ.

(4)

‘ಗುಲಾಬಿ ಟಾಕೀಸು.’ ಐದರಲ್ಲಿ ಒಂದೇ ನೋಡಲಿಕ್ಕೆ ಸಮಯ ಇದ್ದರೆ ಇದನ್ನು ನೋಡಿ.

ಗಿರೀಶ್ ಕಾಸರವಳ್ಳಿ ನಿರ್ದೇಶನ, ಮೂಲ ಕಥೆ ಮಣಿಪಾಲದಲ್ಲಿರುವ ನಮ್ಮ ವೈದೇಹಿಯವರದು. ಗುಲಾಬಿ ಆಗಿ ಉಮಾಶ್ರೀ, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಕುಂದಾಪುರದ ಕಡೆಯ ಮೀನುಗಾರರ ಊರು. ಗುಲಾಬಿ ಹೆರಿಗೆ ಮಾಡಿಸುವ ಬ್ಯಾರಿ ಹೆಂಗಸು, ಸಿನಿಮಾ ಅಂದರೆ ಪ್ರಾಣ. ಒಂದು ಹೆರಿಗೆಗೆ ಪ್ರತಿಫಲವಾಗಿ ಅವಳ ಮನೆಗೆ ಕಲರ್ ಟಿ.ವಿ., ಡಿಶ್ ಬರ್ತದೆ. ಊರಿನ ಹೆಂಗಸರು ಒಬ್ಬೊಬ್ಬರಾಗಿ ಅವಳ ಮನೆಗೆ ಬಂದು ಕೂರ್ತಾರೆ. ಕಾಲ 1999, ಕಾರ್ಗಿಲ್ ಯುದ್ಧ. ಟಿ.ವಿ.ಯಲ್ಲಿ ಸಿನಿಮಾದ ಜೊತೆ ಯುದ್ಧವೂ ಬರ್ತದೆ. ಅತ್ತ ಸಮುದ್ರದಲ್ಲಿ ಸಣ್ಣ ದೋಣಿಯವರಿಗೂ ದೊಡ್ಡ ಟ್ರಾಲರ್‌ಗಳಿಗೂ ಜಗಳ, ಆ ಜಗಳಕ್ಕೆ ನಿಧಾನಕ್ಕೆ ಧರ್ಮದ ಬಣ್ಣ. ಟಿ.ವಿ. ಮುಂದೆ ಕೂರುತ್ತಿದ್ದ ಜನ ಕಡಿಮೆಯಾಗ್ತಾ ಹೋಗ್ತಾರೆ.

ಅಮ್ಮ ಇದನ್ನು ನೋಡ್ತಾ ಮಾತು ನಿಲ್ಲಿಸಿದಳು, ಅವಳು ಸಿನಿಮಾ ನೋಡುವಾಗ ಸುಮ್ಮನಿರುವವಳಲ್ಲ. ಆಮೇಲೆ ಹೇಳಿದಳು. ಅವಳ ತವರಿನ ಹತ್ತಿರ ಮೊದಲು ಟಿ.ವಿ. ಬಂದದ್ದು ಒಂದು ಬ್ಯಾರಿ ಮನೆಗೆ, ಅವರ ಮಗ ದುಬೈಯಲ್ಲಿದ್ದ. ಪ್ರತಿ ಭಾನುವಾರ ಬೆಳಿಗ್ಗೆ ‘ರಾಮಾಯಣ’ ನೋಡಲಿಕ್ಕೆ ಇಡೀ ಕೇರಿ ಅಲ್ಲಿಗೆ ಹೋಗ್ತಿತ್ತು. ಆ ಮನೆಯ ಅಜ್ಜಿ ಚಾಪೆ ಹಾಸಿ ಇಡ್ತಿದ್ದರಂತೆ, ಮಕ್ಕಳಿಗೆ ಬೆಲ್ಲದ ಚಾ. ರಾಮ ಕಾಡಿಗೆ ಹೊರಟ ದಿನ ಆ ಅಜ್ಜಿಯೂ ಕಣ್ಣೊರೆಸಿಕೊಂಡರಂತೆ.

ಈಗ ಆ ಮನೆಗೆ ಹೋಗ್ತೀಯಾ ಅಂತ ಕೇಳಿದೆ. ಇಲ್ಲ ಅಂದಳು. ಜಗಳ ಆಯ್ತಾ? ಇಲ್ಲ. ಯಾರಾದರೂ ಏನಾದರೂ ಹೇಳಿದರಾ? ಇಲ್ಲ. ಸುಮ್ಮನೆ, ಹೋಗುವುದು ನಿಂತಿತು. ಎಲ್ಲರ ಮನೆಗೂ ಟಿ.ವಿ. ಬಂತಲ್ಲ ಅಂತ ಒಂದು ಕಾರಣ ಕೊಟ್ಟಳು, ಅದು ಪೂರ್ತಿ ಕಾರಣ ಅಲ್ಲ ಅಂತ ಅವಳಿಗೂ ಗೊತ್ತು. ನಮ್ಮ ಜಿಲ್ಲೆಯ ಸುದ್ದಿ ಓದುವ ನಿಮಗೂ ಗೊತ್ತು. ಗುಲಾಬಿಯ ಊರಿನಲ್ಲಿ ಕೂಗಾಟ ಆಗ್ತದೆ, ನಮ್ಮಲ್ಲಿ ಅದೂ ಆಗಲಿಲ್ಲ. ಸಿನಿಮಾಗಿಂತ ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

(5)

‘ಕಾಂತಾರ’ ಯಾಕಿಲ್ಲ ಅಂತ ಈಗಾಗಲೇ ಮೂರು ಜನ ಮೆಸೇಜ್ ಮಾಡಿದ್ದೀರಿ. ಯಾಕಂದ್ರೆ ಮೊದಲೇ ಸಾಕಷ್ಟು ಸಲ ನೋಡಿಯಾಗಿದೆ. 2025ರ ಅಕ್ಟೋಬರ್ 2ಕ್ಕೆ ಹೊಸದೂ ಬಂತು, ಅದರ ಬಗ್ಗೆ ಬೇರೆಯೇ ಬರೀತೇನೆ. 2022ರದ್ದು ನನಗೆ ಇಷ್ಟವೇ, ಕೊನೆಯ ಇಪ್ಪತ್ತು ನಿಮಿಷ ಉಸಿರು ಬಿಡಲಿಲ್ಲ. ಅಮ್ಮ ಅದನ್ನು ಕನ್ನಡದಲ್ಲಿ ನೋಡಿ, ಡಿಸೆಂಬರ್‌ನಲ್ಲಿ ತುಳು ಡಬ್ಬಿಂಗ್ ಬಂದಾಗ ಪುನಃ ನೋಡಿದಳು. ನನ್ನ ಜಗಳ ಸಿನಿಮಾದ ಜೊತೆ ಅಲ್ಲ, ಅದರ ನಂತರದ ರೀಲ್ಸ್ ಜೊತೆ. ಕೋಲ ಕಟ್ಟುವವರಿಗೆ ಅದು ವ್ರತ, ಮನೆತನದಿಂದ ಬಂದ ಹೊಣೆ. ಅವರು ಪತ್ತನಾಜೆಗೆ ಗೆಜ್ಜೆ ಬಿಚ್ಚಿಡ್ತಾರೆ. ಮಳೆಗಾಲ ಪೂರ್ತಿ ಕೋಲ ಇಲ್ಲ. ರೀಲ್ಸ್‌ಗೆ ಪತ್ತನಾಜೆ ಇಲ್ಲ. ಮುಖಕ್ಕೆ ಬಣ್ಣ ಬಳಿದು ಪಾರ್ಕಿಂಗ್‌ನಲ್ಲಿ ನಿಂತು ಕೂಗುವ ವಿಡಿಯೊ ನನಗೆ ಟ್ಯಾಗ್ ಮಾಡಬೇಡಿ, ನೋಡುವುದಿಲ್ಲ, ಶೇರ್ ಮಾಡುವುದೂ ಇಲ್ಲ. ಈಗಲೇ ಹೇಳಿಟ್ಟಿದ್ದೇನೆ.

ಮುಂದಿನ ತಿಂಗಳಿಗೆ ಎರಡು ತೆಗೆದಿಟ್ಟಿದ್ದೇನೆ. ಚಂಪಾ ಶೆಟ್ಟಿಯವರ ‘ಅಮ್ಮಚ್ಚಿಯೆಂಬ ನೆನಪು’, ಅದೂ ವೈದೇಹಿಯವರ ಕಥೆಗಳೇ, ಕುಂದಾಪ್ರ ಕನ್ನಡ ಕೇಳಲಿಕ್ಕಾದರೂ ನೋಡಬೇಕು. ಇನ್ನೊಂದು ಸುವೀರನ್ ಅವರ ‘ಬ್ಯಾರಿ’, 2011ರ ಸಾಲಿನ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿ ಹಂಚಿಕೊಂಡದ್ದು. ಒಳ್ಳೆಯ ಪ್ರಿಂಟ್ ಎಲ್ಲಿ ಸಿಗ್ತದೆ ಅಂತ ಗೊತ್ತಿದ್ದವರು ಹೇಳಿ. ಅಮ್ಮನಿಗೂ ತೋರಿಸಬೇಕು, ಭಾಷೆ ಅವಳಿಗೆ ಅರ್ಥ ಆಗ್ತದಂತೆ, ಆ ಅಜ್ಜಿಯಿಂದ ಕಲಿತದ್ದು.