ಅರ್ಕಾವತ್ತು ತಪ್ಪಿದ ತಿಥಿಪಟ್ಟಿ



ಮಲ್ಲಿಪಟ್ಟಣದ ನಮ್ಮ ಮನೆಯಲ್ಲಿ ಹಿರಿಯರ ಶ್ರಾದ್ಧದ ತಿಥಿಗಳನ್ನು ಬರೆದಿಟ್ಟ ಹಳೆಯ ಪುಸ್ತಕವೊಂದಿತ್ತು. ಅದಕ್ಕೆ ಗೆದ್ದಲು ಹತ್ತಿತು. 2004ರಲ್ಲಿ, ಮೈಸೂರಿನಲ್ಲಿದ್ದ ನಮ್ಮ ದೊಡ್ಡಣ್ಣನವರು ಅದನ್ನು ಕೊಂಡೊಯ್ದು, ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಫ್ಲಾಪಿಯಲ್ಲಿ ತುಂಬಿ ಕಳುಹಿಸಿದರು. ಒಬ್ಬೊಬ್ಬರ ಹೆಸರಿನ ಮುಂದೆ ಮಾಸ, ಪಕ್ಷ, ತಿಥಿ. ಅದರ ಕೆಳಗೆ ಅವರನ್ನು ಕುರಿತು ಅಣ್ಣನವರದೇ ಎರಡು ಸಾಲು. ಅಜ್ಜಿಯ ಹೆಸರಿನ ಕೆಳಗೆ, ‘ಹಸಿದು ಬಂದವರ ಜಾತಿ ಕೇಳಿದವಳಲ್ಲ’ ಎಂದಿತ್ತು.

ಆದರೆ ಅದನ್ನು ಓದಿದ್ದು ಆಮೇಲೆ. ನನ್ನ ಗಣಕದಲ್ಲಿ ಕಡತ ತೆರೆದಾಗ ಕಂಡದ್ದು ಬರೀ ಪೌಂಡ್ ಚಿಹ್ನೆಗಳು, ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು! ಕಡತ ಕೆಟ್ಟಿರಲಿಲ್ಲ. ಅಂದಿನ ಕನ್ನಡ ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ನಮ್ಮ ಅಕ್ಷರದ ತುಣುಕುಗಳನ್ನು ಕೂರಿಸುತ್ತಿದ್ದವು. ‘ನ’ಕಾರದ ತುಣುಕು ಕುಳಿತದ್ದು ಪೌಂಡ್ ಚಿಹ್ನೆಯ ಜಾಗದಲ್ಲಿ. ಆ ಅಕ್ಷರವಿನ್ಯಾಸವಿಲ್ಲದ ಗಣಕಕ್ಕೆ ಕಾಣುವುದು ಪೌಂಡೇ. ಅಣ್ಣನವರು ಮತ್ತೊಂದು ಫ್ಲಾಪಿಯಲ್ಲಿ ಅಕ್ಷರವಿನ್ಯಾಸವನ್ನೂ ಕಳುಹಿಸಿದ ಮೇಲೆ ಅಜ್ಜಿ ಕನ್ನಡಕ್ಕೆ ಮರಳಿದಳು. ನಾನು ಒಂದು ಪ್ರತಿ ಮುದ್ರಿಸಿಟ್ಟುಕೊಂಡೆ. ಅದೊಂದೇ ಬುದ್ಧಿವಂತಿಕೆಯ ಕೆಲಸ.

2009ರಲ್ಲಿ ಅಣ್ಣನವರು ತೀರಿಕೊಂಡರು. ಕೆಲವು ವರ್ಷಗಳ ನಂತರ ಅಮೆರಿಕದಲ್ಲಿರುವ ಅವರ ಮಗ, “ಚಿಕ್ಕಪ್ಪ, ಪಟ್ಟಿ ನನಗೂ ಬೇಕು, ಮೊಬೈಲಿನಲ್ಲಿ ಓದುವಂತಿರಲಿ” ಎಂದ. ಅಷ್ಟರಲ್ಲಿ ಯುನಿಕೋಡ್ ಬಳಕೆಗೆ ಬಂದಿತ್ತು. ಅದರಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನಗಳುಂಟು, ಯಾರ ಜಾಗವನ್ನೂ ಎರವಲು ಪಡೆಯಬೇಕಿಲ್ಲ. ಹಳೆಯ ಕಡತವನ್ನು ಬದಲಿಸುವ ಪರಿವರ್ತಕವೊಂದನ್ನು ಹುಡುಕಿ, ಕ್ಷಣಾರ್ಧದಲ್ಲಿ ಕೆಲಸ ಮುಗಿಸಿ, ಓದಿಯೂ ನೋಡದೆ ಕಳುಹಿಸಿಬಿಟ್ಟೆ. ಮರುದಿನ ಅವನ ಪ್ರಶ್ನೆ: “ಚಿಕ್ಕಪ್ಪ, ‘ಕಾತಿರ್ಕ’ ಅಂದರೆ ಯಾವ ಮಾಸ?”

ನಾಚಿಕೆಯಾಯಿತು. ಮಾರ್ಗಶಿರ ‘ಮಾಗರ್ಶಿರ’ವಾಗಿತ್ತು, ವರ್ಷ ‘ವಷರ್’ ಆಗಿತ್ತು. ನನ್ನ ವಿದ್ಯಾರ್ಥಿಗಳಿಗೆ ಕಾರಣ ಹೊಳೆದಿರಬೇಕು. ಎಷ್ಟು ಸಲ ಕಪ್ಪುಹಲಗೆಯ ಮೇಲೆ ತಿದ್ದಿಸಿದ್ದೇನೆ! ಬರೆಯುವಾಗ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಉಚ್ಚರಿಸುವಾಗ ರೇಫವೇ ಮೊದಲು. ಹಳೆಯ ಕಡತ ಬರವಣಿಗೆಯ ಕ್ರಮವನ್ನು ಹಿಡಿದಿತ್ತು. ಯುನಿಕೋಡ್ ಉಚ್ಚಾರಣೆಯ ಕ್ರಮವನ್ನು ಕೇಳುತ್ತದೆ. ಒಳ್ಳೆಯ ಪರಿವರ್ತಕ ರೇಫವನ್ನು ಹಿಂದಕ್ಕೆ ಸರಿಸುತ್ತದೆ. ನನಗೆ ಸಿಕ್ಕಿದ್ದು ಇದ್ದಲ್ಲೇ ಬಿಟ್ಟಿತ್ತು.

ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಮೂರು ಸಂಜೆ ಕುಳಿತೆ. ಬೇರೆ ಪರಿವರ್ತಕದಿಂದ ಮತ್ತೆ ಬದಲಿಸಿ, ಸಾಲು ಸಾಲಾಗಿ ಒಪ್ಪ ನೋಡಿದೆ. ‘ಚತುರ್ಥಿ’, ‘ಚತುರ್ದಶಿ’ಗಳನ್ನು ಎರಡೆರಡು ಬಾರಿ ನೋಡಿದೆ, ಅಲ್ಲಿ ಎಡವಿದರೆ ಶ್ರಾದ್ಧದ ದಿನವೇ ತಪ್ಪುತ್ತದಲ್ಲ! ಪಟ್ಟಿಯ ಕೊನೆಯಲ್ಲಿ ಒಂದು ಹೆಸರು ಮಾತ್ರ ಇರಲಿಲ್ಲ. ಅಣ್ಣನವರ ಹೆಸರನ್ನು ನಾನೇ ಬೆರಳಚ್ಚಿಸಿ, ಮುಂದೆ ‘ಮಾರ್ಗಶಿರ’ ಎಂದು ಬರೆದೆ: ಮೊದಲು ರೇಫ, ಆಮೇಲೆ ಗಕಾರ. ಕೆಳಗಿನ ಎರಡು ಸಾಲು ಬರೆಯಲು ಮತ್ತೂ ಒಂದು ಸಂಜೆ ಬೇಕಾಯಿತು.