ಬಲಸಮುದ್ರದ ಹೊಲದಲ್ಲಿ ಎಲೆಗಳ ಲೆಕ್ಕ

ಹೆಸರಿನಲ್ಲಿ ಸಮುದ್ರವಿದ್ದರೂ ಬಲಸಮುದ್ರದಲ್ಲಿ ಅಲೆಗಳ ಮೊರೆತ ಕೇಳಿಸದು. ನಮ್ಮ ಊರ ಹೆಸರುಗಳಲ್ಲಿ ‘ಸಮುದ್ರ’ವೆಂದರೆ ಕೆರೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬೆನ್ನಿಗಿಟ್ಟು ಶಿರಾ ಕಡೆಗಾಗಲಿ ಪಾವಗಡದ ಕಡೆಗಾಗಲಿ ಹೊರಟರೆ ಕಾಣುವುದು ಬಂಡೆಗುಡ್ಡ, ಕೆಂಪು ನೆಲ, ಮಳೆಯನ್ನೇ ನಂಬಿದ ಹೊಲ. ಮಳೆ ಕೈಕೊಟ್ಟ ವರ್ಷ ಕೆರೆಯೂ ಬರಿದು, ಕಣವೂ ಬರಿದು.

ಈ ಸೀಮೆಯ ಬದುವಿನ ಮೇಲೆ ನಿಂತವರಿಗೆ ಮೂರು ಬಗೆಯ ಸಸ್ಯಗಳು ಕಣ್ಣಿಗೆ ಬೀಳುತ್ತವೆ: ಕಡಲೆಕಾಯಿ, ರಾಗಿ, ಬೇಲಿಯ ಕತ್ತಾಳೆ. ಮೂರಕ್ಕೂ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಬೇಕು. ಹತ್ತು ಸಾವಿರ ಪಾಲು ಗಾಳಿಯಲ್ಲಿ ಅದು ಇರುವುದು ನಾಲ್ಕು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಅದನ್ನು ಒಳಗೆಳೆಯಲು ಎಲೆ ತನ್ನ ಪತ್ರರಂಧ್ರಗಳನ್ನು ತೆರೆಯಬೇಕು. ತೆರೆದೊಡನೆ ನೀರು ಆವಿಯಾಗಿ ಹೊರಟುಹೋಗುತ್ತದೆ.

ಕತ್ತಾಳೆ ರಾತ್ರಿಯ ತಂಪಿನಲ್ಲಿ ಬಾಗಿಲು ತೆರೆದು, ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲಿನಲ್ಲಿ ಬಳಸುತ್ತದೆ. ರಾಗಿ ಅದನ್ನು ಮೊದಲು ಹಿಡಿದು, ಎಲೆನರದ ಸುತ್ತಲ ಕೋಶಗಳಲ್ಲಿ ಒತ್ತಿ ತುಂಬುತ್ತದೆ. ಬಾಗಿಲು ಕಿರಿದಾಗಿ ತೆರೆದರೂ ಸಾಕು. ಕಡಲೆಕಾಯಿಗೆ ಈ ಎರಡು ಉಪಾಯವೂ ತಿಳಿಯದು.

ಆದರೂ ಕಡಲೆಕಾಯಿಯ ತಳಿಗಳಲ್ಲೇ ಕೆಲವು ಮಿತವ್ಯಯಿಗಳು, ಕೆಲವು ದುಂದುಗಾರರು. ಗುರುತಿಸುವುದು ಹೇಗೆ? ಎಲೆಯೇ ಲೆಕ್ಕ ಬರೆದಿಟ್ಟಿರುತ್ತದೆ. ಇಂಗಾಲದ ನೂರು ಪರಮಾಣುಗಳಲ್ಲಿ ಸುಮಾರು ಒಂದು ಭಾರವಾದದ್ದು. ಎಲೆಗೆ ಹಗುರವಾದುದೇ ಇಷ್ಟ. ಸಂತೆಯಲ್ಲಿ ರಾಶಿ ಇದ್ದಾಗ ಆರಿಸುವವನು, ಸಂತೆ ಮುಗಿಯುವ ಹೊತ್ತಿಗೆ ಸಿಕ್ಕಿದ್ದನ್ನೇ ಚೀಲಕ್ಕೆ ಹಾಕುವುದಿಲ್ಲವೆ? ಹಾಗೆಯೇ ಒಳಗಿನ ಅನಿಲ ಕಡಿಮೆಯಾದಷ್ಟೂ ಎಲೆ ಭಾರದ ಇಂಗಾಲವನ್ನೂ ಸ್ವೀಕರಿಸುತ್ತದೆ. ಒಣ ಎಲೆಯ ಪುಡಿಯಲ್ಲಿ ಅದನ್ನು ಅಳೆದರೆ ನೀರಿನ ಮಿತವ್ಯಯ ತಿಳಿಯುತ್ತದೆಂದು 1986ರಲ್ಲಿ ಆಸ್ಟ್ರೇಲಿಯದ ಹ್ಯೂಬಿಕ್, ಫರ್ಕರ್ ಮತ್ತು ಶಾರ್ಟರ್ ಕಡಲೆಕಾಯಿಯಲ್ಲೇ ತೋರಿಸಿದರು.

ಇಲ್ಲೊಂದು ತೊಡಕುಂಟು. ಬಾಗಿಲು ಮುಚ್ಚಿಯೇ ನೀರುಳಿಸುವ ಗಿಡ ಉಪವಾಸವನ್ನೂ ಮಾಡುತ್ತದೆ, ಕಾಯಿ ಕಡಿಮೆ. ಆದ್ದರಿಂದ ಗಿಡ ಒಟ್ಟು ಎಷ್ಟು ನೀರು ಬಳಸಿತೆಂಬುದೂ ಗೊತ್ತಾಗಬೇಕು. ಎಲೆಯಲ್ಲಿ ಸೇರಿದ ಭಾರದ ಆಮ್ಲಜನಕಕ್ಕೂ ಅದು ಆವಿಯಾಗಿ ಬಿಟ್ಟ ನೀರಿಗೂ ನಂಟಿದೆಯೆಂದು 2005ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಶೇಷಶಾಯಿ, ಬಿಂದುಮಾಧವ, ಉದಯಕುಮಾರ್ ಮತ್ತು ಸಂಗಡಿಗರು ಕಡಲೆಕಾಯಿ, ಭತ್ತಗಳಲ್ಲಿ ಕಂಡುಕೊಂಡರು. ನೆಲದ ನೀರನ್ನು ಬೇರಿನಿಂದ ಚೆನ್ನಾಗಿ ಎಳೆದು, ಎಲೆಯಲ್ಲಿ ಹದವಾಗಿ ಖರ್ಚು ಮಾಡುವ ಗಿಡವನ್ನು ಹುಡುಕಲು ಈ ಎರಡು ಲೆಕ್ಕಗಳೂ ಬೇಕು.

ಬಿತ್ತನೆಬೀಜ ಕೈಯಲ್ಲಿ ಹಿಡಿದು ಮುಗಿಲು ನೋಡುವ ರೈತನಿಗೆ ಪರಮಾಣುಗಳ ಭಾರ ಬೇಕಿಲ್ಲ. ಎರಡು ಮಳೆಯ ನಡುವೆ ಇನ್ನೊಂದು ವಾರ ಬಾಡದೆ ನಿಲ್ಲುವ ಗಿಡ ಬೇಕು. ಸಂಶೋಧನಾ ವಿದ್ಯಾರ್ಥಿಯ ಎಲೆಪುಡಿ ಕೊನೆಗೆ ಉತ್ತರ ಹೇಳಬೇಕಾದುದು ಬಲಸಮುದ್ರದಂಥ ಊರಿನ ಕಣಕ್ಕೆ.