ಖಾತೆಗೆ ಬಾರದ ಆಸ್ತಿ

ಬಿ.ಕಾಂ. ತರಗತಿಯಲ್ಲಿ ನಾನು ಕಲಿತ ಪಾಠಗಳಲ್ಲಿ ‘ಗುಡ್‌ವಿಲ್’ ಎಂಬುದೂ ಒಂದು. ಅಂಗಡಿಯೊಂದನ್ನು ಮಾರುವಾಗ ಸರಕು, ಕಟ್ಟಡ, ಬರಬೇಕಾದ ಬಾಕಿ ಇವುಗಳ ಜೊತೆಗೆ ಗಿರಾಕಿಗಳ ವಿಶ್ವಾಸಕ್ಕೂ ಬೆಲೆ ಕಟ್ಟುವ ಪದ್ಧತಿಯುಂಟೆಂದು ನಮ್ಮ ಉಪನ್ಯಾಸಕರು ತಿಳಿಸಿದ್ದರು. ಆ ವಿಶ್ವಾಸವು ವಾಸ್ತವವಾಗಿ ಯಾರ ಸ್ವತ್ತು ಎಂಬುದನ್ನು ಮಾತ್ರ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಇಷ್ಟು ವರ್ಷಗಳ ತರುವಾಯ ಆ ಪ್ರಶ್ನೆ ನನ್ನೆದುರು ನಿಂತದ್ದು ಗಣಕಯಂತ್ರದ ಕ್ಷೇತ್ರದಲ್ಲಿ ದುಡಿಯುವ ನನ್ನ ಸೋದರಳಿಯನು ಹೇಳಿದ ಒಂದು ವೃತ್ತಾಂತದಿಂದ.

ಜರ್ಮನಿಯ ಫ್ರಾಂಕ್ ಕಾರ್ಲಿಚೆಕ್ ಎಂಬ ತಂತ್ರಜ್ಞರು 2010ರಲ್ಲಿ ‘ಓನ್‌ಕ್ಲೌಡ್’ ಎಂಬ ತಂತ್ರಾಂಶವನ್ನು ಆರಂಭಿಸಿದರು. ನಮ್ಮ ದಾಖಲೆಗಳನ್ನೂ ಛಾಯಾಚಿತ್ರಗಳನ್ನೂ ಪರರ ಉಗ್ರಾಣದಲ್ಲಿ ಇಡದೆ, ನಮ್ಮದೇ ಯಂತ್ರದಲ್ಲಿರಿಸಿಕೊಂಡು ಬೇಕಾದವರೊಡನೆ ಹಂಚಿಕೊಳ್ಳುವ ಅನುಕೂಲವನ್ನು ಅದು ಒದಗಿಸುತ್ತದೆ. ಅದೊಂದು ಮುಕ್ತ ತಂತ್ರಾಂಶ. ಎಂದರೆ, ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪ್ರತಿಮಾಡಿ ಹಂಚಬಹುದು. ಹಾಗೆ ಹಂಚುವವನು ತಾನು ತಿದ್ದಿದ್ದನ್ನೂ ಪರರಿಗೆ ತೆರೆದಿಡಬೇಕೆಂಬುದು ಅದರ ಪರವಾನಗಿಯ ನಿಯಮ. ಈ ಕಾರ್ಯಕ್ಕೆ ನೂರಾರು ಸ್ವಯಂಸೇವಕರು ಸಂಬಳವಿಲ್ಲದೆ ಕೈಜೋಡಿಸಿದರು.

2011ರಲ್ಲಿ ಈ ತಂತ್ರಾಂಶದ ಸುತ್ತ ಒಂದು ವ್ಯಾಪಾರಿ ಸಂಸ್ಥೆ ಹುಟ್ಟಿಕೊಂಡಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಒಂದು ಕಚೇರಿ, ಜರ್ಮನಿಯಲ್ಲಿ ಇನ್ನೊಂದು; ಹೂಡಿಕೆದಾರರ ಬಂಡವಾಳ; ದೊಡ್ಡ ಸಂಸ್ಥೆಗಳಿಗೆಂದು ಹೆಚ್ಚಿನ ಸೌಲಭ್ಯಗಳುಳ್ಳ ಪ್ರತ್ಯೇಕ ಆವೃತ್ತಿ. ಆ ಆವೃತ್ತಿಯನ್ನು ಬೇರೆ ಷರತ್ತಿನ ಮೇಲೆ ಮಾರಲು ಅನುವಾಗುವಂತೆ, ಬರೆದುಕೊಡುವ ಸ್ವಯಂಸೇವಕರೂ ಒಂದು ಒಪ್ಪಂದಪತ್ರಕ್ಕೆ ಒಪ್ಪಿಗೆ ನೀಡಬೇಕಾಗಿತ್ತು. ಇದರಲ್ಲಿ ಅಕ್ರಮವೇನೂ ಇಲ್ಲ. ನೌಕರರಿಗೆ ತಿಂಗಳ ಸಂಬಳ ಸಲ್ಲಬೇಕಾದರೆ ಎಲ್ಲಿಂದಲೋ ವರಮಾನ ಬರಲೇಬೇಕೆಂಬುದನ್ನು ವ್ಯಾಪಾರಿಯಾದ ನಾನು ಬಲ್ಲೆ. ಆದರೆ ಪುಕ್ಕಟೆಯಾಗಿ ದುಡಿದವರ ಬೆವರು ಮತ್ತು ಬಂಡವಾಳ ಹಾಕಿದವರ ನಿರೀಕ್ಷೆ ಒಂದೇ ತಕ್ಕಡಿಯಲ್ಲಿ ಕುಳಿತಾಗ ತೂಕ ಹಿಡಿಯುವವನ ಕೈ ನಡುಗುವುದು ಸಹಜ.

2016ರ ಏಪ್ರಿಲ್ 27ರಂದು ಕಾರ್ಲಿಚೆಕ್‌ರವರು ತಾವೇ ಕಟ್ಟಿದ ಸಂಸ್ಥೆಯಿಂದ ಹೊರಬರುತ್ತಿರುವುದಾಗಿ ಪ್ರಕಟಿಸಿದರು. ಈ ಸಮುದಾಯ ಯಾರ ಸ್ವತ್ತು, ಇಂದಿನ ಹಣ ಮುಖ್ಯವೋ ದೀರ್ಘಕಾಲದ ಹೊಣೆ ಮುಖ್ಯವೋ ಎಂಬ ನೈತಿಕ ಪ್ರಶ್ನೆಗಳನ್ನು ಅವರು ಬಹಿರಂಗವಾಗಿ ಎತ್ತಿದರು. ಮುಂದಿನ ಕೆಲವೇ ವಾರಗಳಲ್ಲಿ ಪ್ರಮುಖ ತಂತ್ರಜ್ಞರು ಹಲವರು ಅವರ ಹಿಂದೆಯೇ ಹೊರಟರು. ಜೂನ್ 2ರಂದು ಅದೇ ಮೂಲ ಬರಹದಿಂದ ಕವಲೊಡೆದ ‘ನೆಕ್ಸ್ಟ್‌ಕ್ಲೌಡ್’ ಎಂಬ ಹೊಸ ತಂತ್ರಾಂಶವನ್ನು ಘೋಷಿಸಿದರು. ಅತ್ತ ಹಳೆಯ ಸಂಸ್ಥೆಯ ಅಮೆರಿಕದ ಶಾಖೆಗೆ ಸಾಲ ಕೊಟ್ಟವರು ಸಾಲವನ್ನು ರದ್ದುಪಡಿಸಿದರು. ಆ ಶಾಖೆ ಕೂಡಲೇ ಬಾಗಿಲು ಮುಚ್ಚಿತು. 8 ಮಂದಿ ನೌಕರರು ಕೆಲಸ ಕಳೆದುಕೊಂಡರು. ಜರ್ಮನಿಯ ಶಾಖೆ ಮುಂದುವರಿಯಿತು.

ಹೊರಟವರು ಮಾಡಿದ್ದು ಕಳವೇ? ಮೂಲ ಬರಹವನ್ನು ಒಯ್ಯಲು ಪರವಾನಗಿಯೇ ಎಲ್ಲರಿಗೂ ಅನುಮತಿ ಕೊಟ್ಟಿತ್ತು. ಹಳೆಯ ಹೆಸರನ್ನು ಅವರು ಬಿಟ್ಟುಹೋದರು. ಸ್ವಯಂಸೇವಕರನ್ನು ಯಾರೂ ಕಟ್ಟಿಹಾಕಿರಲಿಲ್ಲ. ಅವರಲ್ಲಿ ಬಹುಮಂದಿ ತಾವಾಗಿ ಹೊಸ ಕಡೆಗೆ ಬಂದರು. ಹೊಸಬರು ಆ ಒಪ್ಪಂದಪತ್ರವನ್ನೂ ಕೈಬಿಟ್ಟರು. ಆದುದರಿಂದ ಕಳವೆನ್ನಲಾಗದು. ಹಾಗೆಂದು ಹೊರಟವರೆಲ್ಲ ಧರ್ಮಾತ್ಮರು, ಉಳಿದವರೆಲ್ಲ ಲೋಭಿಗಳು ಎಂದು ತೀರ್ಪು ಕೊಡುವುದೂ ಸಲ್ಲದು. ಕೆಲಸ ಕಳೆದುಕೊಂಡ ಆ 8 ಮಂದಿಯ ಮನೆಗಳಲ್ಲಿ ಅಂದಿನ ರಾತ್ರಿ ಹೇಗೆ ಕಳೆದಿರಬಹುದು? ನ್ಯಾಯವಾದ ನಿರ್ಗಮನದಿಂದಲೂ ಯಾರಿಗಾದರೂ ನೋವಾಗುತ್ತದೆಂಬುದನ್ನು ಹೊರಡುವವರು ಮರೆಯಬಾರದು.

2023ರ ನವೆಂಬರಿನಲ್ಲಿ ಓನ್‌ಕ್ಲೌಡ್ ಸಂಸ್ಥೆಯನ್ನು ಅಮೆರಿಕದ ಕೈಟ್‌ವರ್ಕ್ಸ್ ಎಂಬ ಸಂಸ್ಥೆಯು ಕೊಂಡುಕೊಂಡಿತು. 2025ರ ಜನವರಿಯಲ್ಲಿ ಬರ್ಲಿನ್‌ನ ಹೈನ್‌ಲೈನ್ ಸಮೂಹವು ‘ಓಪನ್‌ಕ್ಲೌಡ್’ ಎಂಬ ಮತ್ತೊಂದು ಕವಲನ್ನು ಆರಂಭಿಸಿದಾಗ, ಓನ್‌ಕ್ಲೌಡ್‌ನಲ್ಲಿ ದುಡಿದಿದ್ದ ಹಲವರು ಅಲ್ಲಿಗೆ ಸೇರಿದರು. ಒಂದೇ ಮನೆಯಿಂದ ಎರಡು ಸಲ ಜನ ಎದ್ದು ಹೋದರು. ಕೊಂಡವರ ಕೈಗೆ ಹೆಸರು ಬಂತು, ಕರಾರುಗಳು ಬಂದವು. ಬರೆದವರ ಮನಸ್ಸನ್ನು ಮಾತ್ರ ಕ್ರಯಪತ್ರದಲ್ಲಿ ಬರೆಸಿಕೊಳ್ಳಲಾಗಲಿಲ್ಲ.

ಇದನ್ನು ಕೇಳುತ್ತ ಕುಳಿತಿದ್ದ ನನಗೆ ನನ್ನ ಅಂಗಡಿಯ ಹಳೆಯ ಗುಮಾಸ್ತರ ನೆನಪಾಯಿತು. ನಮ್ಮ ತಂದೆಯವರ ಕಾಲದಿಂದ ಹದಿನೆಂಟು ವರ್ಷ ಲೆಕ್ಕ ಬರೆದವರು ಅವರು. ಪಾಲುದಾರಿಕೆಯಲ್ಲಿ ಸೇರಿಸಿಕೊಳ್ಳುವುದಾಗಿ ತಂದೆಯವರು ಮಾತು ಕೊಟ್ಟಿದ್ದರು. ತಂದೆಯವರು ತೀರಿಕೊಂಡ ಮೇಲೆ, ಕಾಗದದಲ್ಲಿಲ್ಲದ ಮಾತೆಂದು ನಾನು ಅದನ್ನು ತಳ್ಳಿಹಾಕಿದೆ. 1994ರಲ್ಲಿ ಅವರು ಅದೇ ಬೀದಿಯಲ್ಲಿ ಸಣ್ಣದೊಂದು ಅಂಗಡಿ ತೆರೆದರು. ನಮ್ಮ ಗಿರಾಕಿಗಳು ಅನೇಕರು ಅತ್ತ ಹೋದಾಗ, ‘ಉಂಡ ಮನೆಗೆ ಎರಡು ಬಗೆದ’ ಎಂದು ಕಂಡಕಂಡವರೊಡನೆ ಹೇಳಿಕೊಂಡು ತಿರುಗಿದೆ. ನಾನು ಮುರಿದ ಮಾತಿನ ವಿಷಯವನ್ನು ಯಾರೊಡನೆಯೂ ಹೇಳಲಿಲ್ಲ.

ಗಿರಾಕಿಗಳು ನನ್ನ ಆಸ್ತಿಯೆಂದು ನಾನು ಭಾವಿಸಿದ್ದೇ ತಪ್ಪು. ಅವರ ವಿಶ್ವಾಸವು ನಾವು ದಿನದಿನವೂ ಗಳಿಸಬೇಕಾದ ಕೂಲಿ. ಒಮ್ಮೆ ಕೊಂಡು ಬೀಗ ಹಾಕಿಡುವ ವಸ್ತುವಲ್ಲ. ಈ ಮಾತು ಅಂಗಡಿಗೂ, ತಂತ್ರಾಂಶ ಸಂಸ್ಥೆಗೂ, ಸೇವಾಭಾವದಿಂದ ದುಡಿಯುವವರನ್ನು ನೆಚ್ಚಿ ನಡೆಯುವ ನಮ್ಮ ಟ್ರಸ್ಟುಗಳಿಗೂ ಸಮಾನವಾಗಿ ಅನ್ವಯಿಸುತ್ತದೆ. ಯಾರಾದರೂ ಬಿಟ್ಟು ಹೊರಟಾಗ ‘ಏನನ್ನು ಒಯ್ದರು?’ ಎಂದು ಲೆಕ್ಕಹಾಕುವ ಮೊದಲು ‘ನಾವು ಏನನ್ನು ಕೊಡದೆ ಉಳಿಸಿಕೊಂಡೆವು?’ ಎಂದು ಕೇಳಿಕೊಳ್ಳುವುದು ಲೇಸು.

ಆ ಗುಮಾಸ್ತರು ಈಗ ಇಲ್ಲ. ಅವರ ಮಗ ಅದೇ ಅಂಗಡಿಯನ್ನು ನಡೆಸುತ್ತಿದ್ದಾರೆ. ಈ ಸಂಚಿಕೆ ಅಚ್ಚಾಗಿ ಬಂದೊಡನೆ ಒಂದು ಪ್ರತಿಯನ್ನು ನಾನೇ ಕೊಂಡೊಯ್ದು ಅವರ ಕೈಗೆ ಕೊಡಬೇಕೆಂದಿದ್ದೇನೆ.